ಬಾಗಿಲಿಗೆ ಸಿಕ್ಕ ಬೆರಳು

ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದು ಶಹಾಬಾದಿನ ಕಲ್ಲಿನ ಫ್ಯಾಕ್ಟರಿಗಳೆಲ್ಲ ಮತ್ತೆ ಶುರುವಾದ ಸೋಮವಾರ ನಡೆದದ್ದು ಇದು. ಅಂಥದೊಂದು ಸಣ್ಣ ಫ್ಯಾಕ್ಟರಿಯಲ್ಲಿ ನಾನು ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷಿನ್ ಮೇಲಿದ್ದೆ. ಆದರೆ ನಾನು ಹೆಸರಾದದ್ದು ಬೇರೆ ಕಾರಣಕ್ಕೆ. ಮಾಲೀಕ ಸೇಠರ ಕೆಮ್ಮು, ನಮ್ಮಿಂದ ಕೆಲಸ ತೆಗೆಸುವ ಮುಕಾದಮ ಸಾಯಬಣ್ಣನ ಮೂಗಿನ ದನಿ, ವಾಡಿ ಸ್ಟೇಷನ್ನಿನ ಅನೌನ್ಸ್‌ಮೆಂಟು, ನಮ್ಮವ್ವ ನನ್ನನ್ನು ಬೈಯುವ ಧಾಟಿ, ಎಲ್ಲವನ್ನೂ ಹಾಗೆಯೇ ಮಾಡಿ ತೋರಿಸುತ್ತಿದ್ದೆ. ಹೆಣ್ಣು ನೋಡಲು ಹೋಗಿ ಮಾತು ಬಾರದೆ ಬೆವರಿದ ನನ್ನನ್ನೂ ನಾನೇ ಮಾಡಿ ತೋರಿಸುತ್ತಿದ್ದೆ. ಜನ ಹೆಚ್ಚು ನಗುತ್ತಿದ್ದದ್ದು ಅದಕ್ಕೇ.

ತಿರುಗುವ ಬ್ಲೇಡಿನ ಮೇಲೊಂದು ತಗಡಿನ ಮುಚ್ಚಳ ಇರಬೇಕು. ದೊಡ್ಡ ಕಲ್ಲಿಗೆ ಅಡ್ಡ ಬರುತ್ತದೆಂದು ನಾನು ಸೇರುವ ಮೊದಲೇ ಅದನ್ನು ಬಿಚ್ಚಿ ಮೂಲೆಗೆ ಹಾಕಿದ್ದರು. ನಾವು ಅದರ ಮೇಲೆ ಊಟದ ಡಬ್ಬಿ ಇಡುತ್ತಿದ್ದೆವು. ಆ ದಿನ ನೀರು, ಕಲ್ಲಿನ ಹಿಟ್ಟು ಕೂಡಿದ ರಾಡಿಯಲ್ಲಿ ಕಾಲು ಜಾರಿತು. ಬೀಳಬಾರದೆಂದು ಕೈ ಚಾಚಿದೆ. ಮೊದಲು ನೋವೇ ಆಗಲಿಲ್ಲ. ಎಡಗೈ ಎತ್ತಿ ನೋಡಿದರೆ ಎರಡು ಬೆರಳು ಇರಲಿಲ್ಲ. ಯಾರದೋ ಕೈ ನೋಡುತ್ತಿದ್ದೇನೆ ಅನಿಸಿತು.

ಸಾಯಬಣ್ಣ ತನ್ನ ಟವೆಲ್ ಸುತ್ತಿ ನನ್ನನ್ನು ಆಟೋದಲ್ಲಿ ಹಾಕಿಕೊಂಡು ಹೊರಟ. ದಾರಿಯುದ್ದಕ್ಕೂ ಒಂದೇ ಪಾಠ. "ಮನ್ಯಾಗ ಬಾಗಲಾಗ ಕೈ ಸಿಕ್ತು ಅಂತ ಹೇಳು. ಫ್ಯಾಕ್ಟರಿ ಹೆಸರ ತೆಗದ್ರ ಪೊಲೀಸ್ರು ಬರ್ತಾರ, ಮಷಿನ್ ಬಂದ್ ಆಗ್ತದ. ನಿನ್ನ ಸಂಗಟ ಇದ್ದವರು ಏನ್ ತಿನ್ಬೇಕು? ಸೇಠ ನಿನ್ನ ಕೈ ಬಿಡಂಗಿಲ್ಲ." ಕೈಯ ಮಾತನ್ನು ಅವನು ಅವತ್ತೇ ಆಡಬೇಕಿತ್ತೇ!

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ನಾನು ಶುರು ಮಾಡಿದೆ. ಮನೆಯ ಕಬ್ಬಿಣದ ಬಾಗಿಲು, ಜೋರಾಗಿ ಬೀಸಿದ ಗಾಳಿ. ಬಾಗಿಲು ಬಡಿದ ಸದ್ದನ್ನೂ ಬಾಯಲ್ಲೇ ಮಾಡಿ ತೋರಿಸಿದೆ. ನರ್ಸಮ್ಮ ಕಣ್ಣು ಮುಚ್ಚಿಕೊಂಡರು. ಡಾಕ್ಟರು ತಲೆ ಎತ್ತದೆ ಬರೆದುಕೊಂಡರು. ನಾಚಿಕೆಯ ಮಾತು, ಅಷ್ಟು ನೋವಿನಲ್ಲೂ ನನಗೆ ನನ್ನ ಕಲೆಯ ಮೇಲೆ ಹೆಮ್ಮೆಯಾಯಿತು.

ಆಸ್ಪತ್ರೆಯ ಖರ್ಚನ್ನು ಸೇಠ ಕೊಟ್ಟರು. ಮನೆಗೆ ಹೋಗುವಾಗ ಸಿಕ್ಕ ಡಿಸ್ಚಾರ್ಜ್ ಕಾರ್ಡನ್ನು ಸಾಯಬಣ್ಣ ಇಸಿದುಕೊಂಡ. ಎರಡು ತಿಂಗಳ ಮೇಲೆ ಕೆಲಸಕ್ಕೆ ಹೋದರೆ ನನ್ನ ಮಷಿನ್ ಮೇಲೆ ಬೇರೊಬ್ಬನಿದ್ದ. ಮೂರು ಬೆರಳಿನ ಕೈಗೆ ಕಲ್ಲು ಹಿಡಿಯಲು ಬರುವುದಿಲ್ಲ ಅಂದರು. ಅದು ಸುಳ್ಳೂ ಅಲ್ಲ. ಮನೆಯಲ್ಲಿ ಬಟ್ಟಲು ಹಿಡಿಯಲೂ ಬರುತ್ತಿರಲಿಲ್ಲ.

ಅವ್ವನ ಕಾಟಕ್ಕೆ ಚಿತ್ತಾಪುರದ ವಕೀಲರೊಬ್ಬರ ಬಳಿ ಹೋದೆ. ಮಹಾದೇವಿ ಎಂದು ಅವರ ಹೆಸರು. ಪರಿಹಾರ ಎಂದರೆ ಮಾಲೀಕರಿಗೆ ಮನಸ್ಸು ಬಂದರೆ ಕೊಡುವುದು ಎಂದೇ ನಾನು ತಿಳಿದಿದ್ದೆ. ಅವರು ತಿಳಿಸಿ ಹೇಳಿದರು. ಕೆಲಸದ ಜಾಗದಲ್ಲಿ, ಕೆಲಸ ಮಾಡುವಾಗ ಗಾಯವಾದರೆ ಕಾಯ್ದೆ ಪ್ರಕಾರ ಕೊಡಲೇಬೇಕು, ಕಾಲು ಜಾರಿದ್ದು ನಿನ್ನ ತಪ್ಪು ಎಂದರೆ ನಡೆಯುವುದಿಲ್ಲ, ಆದರೆ ಗಾಯ ಅಲ್ಲೇ ಆಯಿತೆಂದು ತೋರಿಸಬೇಕು. ನೋಟಿಸು ಕಳಿಸಿದರು. ನಾನು ಧೈರ್ಯವಾಗಿ ಮನೆಗೆ ಬಂದೆ.

ಸೇಠರ ಉತ್ತರ ಬಂದ ದಿನ ವಕೀಲರು ನನ್ನನ್ನು ಎದುರಿಗೆ ಕೂಡಿಸಿಕೊಂಡು ಓದಿದರು. ಆ ಸೋಮವಾರ ನಾನು ಕೆಲಸಕ್ಕೇ ಬಂದಿರಲಿಲ್ಲವಂತೆ. ಸಾಕ್ಷಿಗೆ ನನ್ನದೇ ಡಿಸ್ಚಾರ್ಜ್ ಕಾರ್ಡಿನ ಝೆರಾಕ್ಸ್. ಮನೆಯ ಕಬ್ಬಿಣದ ಬಾಗಿಲಿಗೆ ಸಿಕ್ಕು ಬೆರಳು ಹೋಗಿದೆ ಎಂದು ಅದರಲ್ಲಿ ಬರೆದಿತ್ತು.

"ಇದು ನೀ ಹೇಳಿದ್ದೇನು?" ಎಂದು ಕೇಳಿದರು.

"ಹೌದ್ರಿ ಅಕ್ಕಾವ್ರ."

ಅಷ್ಟು ದಿನ ಊರವರ ಮಾತನ್ನು ಅವರವರ ದನಿಯಲ್ಲಿ ಆಡಿ ನಗಿಸಿದವನು ನಾನು. ಅವತ್ತು ಮಾತ್ರ ಸಾಯಬಣ್ಣನ ಮಾತನ್ನು ನನ್ನ ಸ್ವಂತ ದನಿಯಲ್ಲಿ ಆಡಿದ್ದೆ. ಬೆರಳು ಹೋದಾಗ ಬಾರದ ಅಳು ಆಗ ಬಂತು.

ಆಸ್ಪತ್ರೆಯಲ್ಲಿರುವ ಪೂರ್ತಿ ಕಾಗದ ತಾ ಎಂದು ಅವರು ಕಳಿಸಿದರು. ಅದೇ ಡಾಕ್ಟರು ಇದ್ದರು. ನಡೆದದ್ದೆಲ್ಲ ಹೇಳಿ, ಆ ಸಾಲನ್ನು ಬದಲಿಸಿ ಬರೆದುಕೊಡಿ ಎಂದು ಬೇಡಿಕೊಂಡೆ. ಬರೆದದ್ದನ್ನು ಬದಲಿಸುವುದಿಲ್ಲ ಎಂದರು. ಆಮೇಲೆ ಒಳಗಿನ ಕಪಾಟಿನಿಂದ ಹಳೇ ಫೈಲು ತರಿಸಿ, ಒಂದು ಹಾಳೆ ತೆಗೆದು, ಬೆರಳಿಟ್ಟು ತೋರಿಸಿದರು. ಮೇಲೆ ನನ್ನ ಬಾಗಿಲ ಕಥೆ. ಅದರ ಕೆಳಗೆ ಇನ್ನೊಂದು ಬರಹ. ಇಂಗ್ಲಿಷಿನಲ್ಲಿತ್ತು, ಅವರೇ ಓದಿ ಹೇಳಿದರು: ಹರಿತವಾದ ಅಂಚಿನಿಂದ ನೇರವಾಗಿ ಕೊಯ್ದ ಗಾಯ, ಗಾಯದೊಳಗೆ ಕಲ್ಲಿನ ಪುಡಿ, ಬಟ್ಟೆಯ ಮೇಲೂ ಅದೇ.

"ಬಾಗಲಾ ಬೆರಳ ಜಜ್ಜತದ, ಹಿಂಗ ಕೊಯ್ಯಂಗಿಲ್ಲ," ಎಂದರು. "ನೀ ಹೇಳಿದ್ದೂ ಬರೀಬೇಕು, ನಾ ಕಂಡಿದ್ದೂ ಬರೀಬೇಕು. ಈ ಊರಾಗ ಬಾಗಲಗೋಳು ಭಾಳ ಬೆರಳ ತಿಂತಾವ ತಮ್ಮಾ."

ಅಂದರೆ ಅಷ್ಟು ಚಂದ ಮಾಡಿದೆನೆಂದುಕೊಂಡ ನನ್ನ ಆಟವನ್ನು ಅವರು ಒಂದು ಗಳಿಗೆಯೂ ನಂಬಿರಲಿಲ್ಲ. ನಗಬೇಕೋ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ.

ಚಿತ್ತಾಪುರದ ಕೋರ್ಟಿನಲ್ಲಿ ಮುಂದೆ ಒಂದು ವರ್ಷಕ್ಕೂ ಹೆಚ್ಚು ಕೇಸು ನಡೆಯಿತು. ಡಾಕ್ಟರು ಬಂದು ತಾವು ಕಂಡದ್ದನ್ನು ಹೇಳಿದರು. ನಿನ್ನ ಎರಡು ಮಾತಿನಲ್ಲಿ ಸುಳ್ಳು ಯಾವುದು ಎಂದು ಎದುರಿನ ವಕೀಲರು ನನ್ನನ್ನು ಕೇಳಿದರು. ಮೊದಲಿನದು, ಕೆಲಸ ಹೋಗುವ ಹೆದರಿಕೆಗೆ ಹೇಳಿದ್ದೆ ಎಂದೆ. ಗಾಯ ಕೆಲಸದಲ್ಲೇ ಆದದ್ದು ಎಂದು ತೀರ್ಪು ಬಂತು, ಪರಿಹಾರವೂ ಕೈಸೇರಿತು. ಈಗ ಚಿತ್ತಾಪುರದಲ್ಲೇ ಒಂದು ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ.

ಆದರೆ ನನಗೆ ಮರೆಯಲಾಗದ್ದು ತೀರ್ಪಲ್ಲ. ಸಾಕ್ಷಿ ಹೇಳಿದ ದಿನ ಡಾಕ್ಟರಿಗೆ ಕೋರ್ಟಿನ ಹೊರಗೆ ಚಹಾ ಕೊಡಿಸಿದೆ. ಬಾಗಿಲಿಗೆ ಬೆರಳು ಕೊಟ್ಟ ಉಳಿದವರಲ್ಲಿ ಎಷ್ಟು ಮಂದಿ ಹೀಗೆ ಕಾಗದ ಕೇಳಿಕೊಂಡು ಬಂದಿದ್ದಾರೆ ಎಂದು ತಮಾಷೆಗೆ ಕೇಳಿದೆ.

ಅವರು ಕಪ್ಪು ಕೆಳಗಿಟ್ಟರು. "ಯಾರೂ ಬಂದಿಲ್ಲ. ನೀನೇ ಮೊದಲನೇದಾವ."

ಇವತ್ತಿಗೂ ಆ ಆಸ್ಪತ್ರೆಯ ಮುಂದೆ ಹಾಯುವಾಗ ಆ ಕಪಾಟು ನೆನಪಾಗುತ್ತದೆ. ಮೇಲೆ ಬಾಗಿಲು, ಕೆಳಗೆ ಕಲ್ಲಿನ ಪುಡಿ ಎಂದು ಬರೆದ ಹಾಳೆಗಳು ಅದರಲ್ಲಿ ಇನ್ನೂ ಎಷ್ಟಿವೆಯೋ. ಕೆಳಗಿನ ಸಾಲು ತಮ್ಮ ಪರವಾಗಿದೆ ಎಂದು ಆ ಬೆರಳು ಕಳೆದುಕೊಂಡವರಿಗೆ ಗೊತ್ತೇ ಇಲ್ಲ.