ತಡೆದ ಸೀನು

ಪಕ್ಕದ ಮನೆಯ ಚಿಕ್ಕಣ್ಣ ವಿರಾಜಪೇಟೆಯ ಬಸ್ಸಿಗೆಂದು ಹೆಂಡತಿಯೊಡನೆ ಹೊಸ್ತಿಲು ದಾಟಿದಾಗ, ನನ್ನ ಜಗಲಿಯಲ್ಲಿ ಕೂತಿದ್ದ ನಾನು ಬೇಕೆಂದೇ ನಸ್ಯ ಏರಿಸಿ ಒಂದೇ ಒಂದು ಸಲ ಸೀನಿದೆ.

ಅವರು ಹುಣಸೂರಿನಿಂದ ವಿರಾಜಪೇಟೆಯ ಮೇಲೆ ಕೇರಳದ ತಲಚೇರಿಗೆ ಹೊರಟಿದ್ದರು. ಅಲ್ಲಿನ ಕೋಟೆ ನೋಡಿ, ಸಮುದ್ರ ಇಳಿದ ಹೊತ್ತಿನಲ್ಲಿ ಧರ್ಮಡಂ ದ್ವೀಪಕ್ಕೆ ನಡೆದೇ ಹೋಗುತ್ತೇವೆಂದು ಚಿಕ್ಕಣ್ಣ ಬೀದಿಗೆಲ್ಲ ಹೇಳಿಕೊಂಡಿದ್ದ. ಹೈಸ್ಕೂಲಿನಲ್ಲಿ ಆ ಕರಾವಳಿಯ ನಕ್ಷೆ ಬರೆದವನು ನಾನು. ಸಮುದ್ರ ನೋಡುವವನು ಸಹಿ ಹಾಕಲೂ ಬಾರದ ಅವನು. ನನ್ನ ಹೊಟ್ಟೆ ಉರಿಯುತ್ತಿತ್ತು.

ಹೊರಟಾಗ ಒಂಟಿ ಸೀನು ಕೇಳಿದರೆ ನಮ್ಮವರು ಮುಂದೆ ಹೆಜ್ಜೆ ಇಡುವುದಿಲ್ಲ. ಎರಡನೆಯದೂ ಬಂದರೆ ದೋಷವಿಲ್ಲ. ಚಿಕ್ಕಣ್ಣನ ಹೆಂಡತಿ ಪುಟ್ಟಮ್ಮ ನನ್ನ ಮುಖವನ್ನೇ ನೋಡುತ್ತ ನಿಂತಳು.

"ಇನ್ನೊಂದ್ ಸೀನ್‌ಬುಡಿ ಅಣ್ಣ, ಬಸ್ಸು ಒಂಟೋಯ್ತದೆ."

ಸೀನು ನಿಜವಾಗಿಯೂ ಬರುತ್ತಿತ್ತು. ನಾನು ಮೂಗು ಹಿಸುಕಿ ತಡೆದೆ.

ಬಸ್ಸು ಹೋಯಿತು. ಪುಟ್ಟಮ್ಮ ದಾರಿಗೆಂದು ಕಟ್ಟಿದ್ದ ಬುತ್ತಿ ಬಿಚ್ಚಿ ಮೊದಲು ನನಗೇ ಬಡಿಸಿದಳು. "ದ್ಯಾವ್ರೇ ನಿಮ್ಮ ಮೂಗಲ್ಲಿ ಕುಂತು ತಡುದ ಕಣಣ್ಣ. ಅಲ್ಲಿ ನಮ್ಗೆ ಏನ್ ಕಾದಿತ್ತೋ."

ನಾನು ಉಂಡೆ. ಅವರು ಮತ್ತೆ ಹೊರಡುವ ಮನಸ್ಸು ಮಾಡಲೇ ಇಲ್ಲ. ನಸ್ಯ ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಬೀದಿಯಲ್ಲಿ ಯಾರಾದರೂ ಗಂಟು ಹಿಡಿದು ಊರಿಗೆ ಹೊರಟರೆ, ನಾನು ಜಗಲಿಯಿಂದೆದ್ದು ಒಳಗೆ ಹೋಗಿಬಿಡುತ್ತೇನೆ.