ಶೆರಿಲ್ ಲೋಬೊ ಮತ್ತು ಇಳಿಸಿದ ಶ್ರುತಿ

ಭಾನುವಾರ ಬೆಳಗಿನ ಜಾವ. ನೈರೋಬಿಯ ಸೌತ್ ಬಿ ಬಡಾವಣೆಯ ಅಡುಗೆಮನೆಯೊಂದರಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು, ಏಳುವ ಆವಿಗೆ ಮುಖವೊಡ್ಡಿ ಶೆರಿಲ್ ಲೋಬೊ ಸಣ್ಣಗೆ ಗುನುಗುತ್ತಿದ್ದಾರೆ. ಗಂಟಲಿಗೆ ಆವಿ ತೆಗೆದುಕೊಳ್ಳಿ ಎಂದಿದ್ದಾರೆ ವೈದ್ಯರು. ಅದಕ್ಕೆಂದೇ ಬೇರೆ ನೀರು ಕಾಯಿಸುವಷ್ಟು ಪುರುಸೊತ್ತು ಇವರಿಗಿಲ್ಲ. ಈ ಇಡ್ಲಿಗಳು ಸುತ್ತಮುತ್ತಲಿನ ಕನ್ನಡದ ಎಂಜಿನಿಯರುಗಳ ಮನೆ ಸೇರಬೇಕು. ಅವರ ಮಟ್ಟಿಗೆ ಶೆರಿಲ್ ಎಂದರೆ ಇಡ್ಲಿ, ಅಷ್ಟೆ. ಇದೇ ಹೆಂಗಸು ಮಧ್ಯಾಹ್ನ ಲಂಗಾಟಾದ ಹೋಟೆಲೊಂದರ ತೋಟದಲ್ಲಿ ನಿಂತು ಅಮೆರಿಕದ ಹಳೆಯ ಕಂಟ್ರಿ ಹಾಡು ಹಾಡುತ್ತಾರೆ, ಅದನ್ನು ಕೇಳಲು ಕೌಬಾಯ್ ಟೋಪಿಯ ಹಿರಿಯರು ಮಟಾಟು ವ್ಯಾನು ಹತ್ತಿ ಬರುತ್ತಾರೆ ಎಂದರೆ ಯಾರೂ ನಂಬುವುದಿಲ್ಲ.

ಮಂಗಳೂರಿನ ಕುಲಶೇಖರದಲ್ಲಿ ಅಪ್ಪನ ಕ್ಯಾಸೆಟ್ಟುಗಳಿಂದ ಕಲಿತ ಹಾಡುಗಳಿವು. ಮದುವೆಯಾಗಿ ಬಂದ ನೈರೋಬಿಯಲ್ಲಿ ಇವೇ ಹಾಡುಗಳಿಗೆ ಪ್ರಾಣ ಬಿಡುವ ಜನ ಸಿಕ್ಕರು. ಒಂದು ಭಾನುವಾರ ಆ ತೋಟಕ್ಕೆ ಗಾಯಕ ಬರಲಿಲ್ಲ. ಗಿಟಾರ್ ನುಡಿಸುವ ವಿನ್ಸೆಂಟ್ ಪೆಚ್ಚಾಗಿ ಕೂತಿದ್ದರು. ಊಟಕ್ಕೆ ಹೋಗಿದ್ದ ಶೆರಿಲ್ ಕೈ ತೊಳೆದು ಬಂದು ಹಾಡಿಯೇಬಿಟ್ಟರು.

“ಚೂಡಿದಾರದ ಹೆಂಗಸು ಎಂಥ ಹಾಡ್ತದೆ ಅಂತ ನಗಾಡಿದ್ರು. ಎರಡನೇ ಸಾಲಿಗೆ ಅವರೇ ಒಟ್ಟಿಗೆ ಹಾಡ್ಲಿಕ್ಕೆ ಶುರು ಮಾಡಿದ್ರು,” ಎನ್ನುತ್ತಾರೆ. ಅಂದಿನಿಂದ ಈ ಜೋಡಿ ಹದಿನೆಂಟು ವರ್ಷ ಹಾಡಿದೆ.

ಕಳೆದ ವರ್ಷ ಥೈರಾಯ್ಡ್ ಶಸ್ತ್ರಚಿಕಿತ್ಸೆಯಾಯಿತು. ಮೇಲಿನ ಸ್ವರಗಳು ಮರಳಿ ಬರುವ ಖಾತ್ರಿಯಿಲ್ಲ ಎಂದರು ವೈದ್ಯರು. ತಿಂಗಳುಗಟ್ಟಲೆ ಮೌನದ ನಂತರ ಶೆರಿಲ್ ಹೆದರುತ್ತಲೇ ಮೈಕ್ ಹಿಡಿದರು. ಏರುವ ಜಾಗದಲ್ಲಿ ದನಿ ಸಲೀಸಾಗಿ ಏರಿತು. ತೋಟವಿಡೀ ಎದ್ದು ನಿಂತಿತು. ಅಲ್ಲಿದ್ದ ನಾನೂ ಕಣ್ಣೊರೆಸಿಕೊಂಡೆ. ದನಿ ಮೊದಲಿನಂತೆಯೇ ಇದೆ ಎಂದು ವಿನ್ಸೆಂಟ್ ಎಲ್ಲರಿಗೂ ಸಾರಿದರು.

ಅವರು ಹೇಳದೇ ಬಿಟ್ಟದ್ದು ಒಂದೇ. ಏರುವ ಜಾಗ ಶೆರಿಲ್ ಗಂಟಲಿಗೆ ಎಟುಕಲೆಂದು ಗಿಟಾರಿನ ತಂತಿಗಳನ್ನು ಸಡಿಲಿಸಿ, ಶ್ರುತಿಯನ್ನು ಒಂದು ಮೆಟ್ಟಿಲು ಇಳಿಸಿದ್ದರು. ನಾವೆಲ್ಲ ಮೋಸಹೋದೆವು, ಶೆರಿಲ್ ಹೋಗಲಿಲ್ಲ.

“ಹಾಡುವವಳಿಗೆ ಗೊತ್ತಾಗುದಿಲ್ವಾ ಮಾರಾಯ್ರೆ? ಅವನಿಗೆ ಬೇಜಾರಾಗ್ಬಾರ್ದು ಅಂತ ಸುಮ್ನಿದ್ದೆ. ಆದ್ರೆ ಜನ ಚಪ್ಪಾಳೆ ಹೊಡೀವಾಗೆಲ್ಲ ಕದ್ದ ಹಾಗೆ ಆಗ್ತದೆ.”

ಈ ಭಾನುವಾರ ಅವರು ಸುಮ್ಮನಿರುವುದಿಲ್ಲ. ಹಾಡು ಶುರುವಾಗುವ ಮುನ್ನ ವಿನ್ಸೆಂಟ್ ಬಳಿ ಹೋಗಿ, ತಂತಿ ಮೊದಲಿನಷ್ಟೇ ಬಿಗಿ ಮಾಡು ಎನ್ನುತ್ತಾರೆ. ಸಿಕ್ಕಿಬಿದ್ದ ವಿನ್ಸೆಂಟ್ ತಲೆ ತಗ್ಗಿಸುತ್ತಾರೆ, ಬೇಡ ಮಾಮಾ, ಬೇಡಮ್ಮಾ ಎಂದು ಬೇಡಿಕೊಳ್ಳುತ್ತಾರೆ. ಶೆರಿಲ್ ವಿನ್ಸೆಂಟರ ಭುಜ ತಟ್ಟಿ, ಸ್ವಾಹಿಲಿಯಲ್ಲಿ ಅಸಾಂಟೆ, ಅಂದರೆ ಧನ್ಯವಾದ, ಎಂದಷ್ಟೇ ಹೇಳಿ ಮೈಕ್ ಮುಂದೆ ನಿಲ್ಲುತ್ತಾರೆ.

ಹಾಡು ಏರುವ ಜಾಗಕ್ಕೆ ಬರುತ್ತದೆ. ದನಿ ಸೀಳುತ್ತದೆ, ಎಳೆಯಷ್ಟು ತೆಳ್ಳಗಾಗುತ್ತದೆ. ಶೆರಿಲ್ ನಿಲ್ಲಿಸುವುದಿಲ್ಲ, ಆ ಎಳೆಯನ್ನೇ ಹಿಡಿದು ಸಾಲು ಮುಗಿಸುತ್ತಾರೆ. ಟೋಪಿಯ ಹಿರಿಯರು ಮುಂದಕ್ಕೆ ಬಾಗಿ ಕೇಳುತ್ತಾರೆ. ಯಾರೂ ಎದ್ದು ಹೋಗುವುದಿಲ್ಲ.

ಮುಂದಿನ ಹಾಡಿಗೆ ವಿನ್ಸೆಂಟರ ಬೆರಳು ಮತ್ತೆ ತಂತಿ ಸಡಿಲಿಸಲು ಹೋಗುತ್ತದೆ. ಶೆರಿಲ್ ಆ ಕೈ ಮೇಲೆ ತಮ್ಮ ಕೈಯಿಟ್ಟು ತಡೆದು, ನನ್ನ ಕಡೆ ತಿರುಗುತ್ತಾರೆ.

“ಒಡೆದ್ರೆ ಒಡೀಲಿ. ನನ್ನ ಶ್ರುತಿಯಲ್ಲೇ ಒಡೀಲಿ.”