ಪರದೆಯ ಮೇಲೆ ನಮ್ಮ ಜಗಲಿ

ಬಡ ದೇಶಗಳ ವ್ಯಾಪಾರ, ಅಭಿವೃದ್ಧಿ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ದೆಹಲಿಯಲ್ಲಿ ನಡೆಯುವುದಿತ್ತು. ಅದಕ್ಕೆ ಮೊದಲು ಕೆಲವು ಪ್ರತಿನಿಧಿಗಳು ಸಣ್ಣ ಬೆಳೆಗಾರರನ್ನು ಕಣ್ಣಾರೆ ನೋಡಬೇಕೆಂದು ಯಸಳೂರು ಕಡೆಗೆ ಬಂದರು. ಊರಿನ ಮೆಣಸು ಬೆಳೆಗಾರರ ಸಂಘದ ಕಾರ್ಯದರ್ಶಿ ನಾನೇ ಆದ್ದರಿಂದ ಅವರು ಇಳಿದದ್ದು ನಮ್ಮ ಮನೆಗೆ. ನಾವು ಕೇಳಬೇಕಾದದ್ದು ಒಂದೇ ಮಾತು: ಹೊರದೇಶದ ಅಗ್ಗದ ಕಾಳುಮೆಣಸಿನ ಮೇಲಿನ ಸುಂಕ ಇಳಿಸಬೇಡಿ. ಇಳಿಸಿದರೆ ಬಳ್ಳಿ ಕಿತ್ತು ಹಾಕುವುದೊಂದೇ ನಮಗುಳಿಯುವ ದಾರಿ.

ಆದರೆ ಮನೆಗೆ ಬಂದವರ ಮುಂದೆ ಕಷ್ಟ ತೋಡಿಕೊಳ್ಳುವುದು ನಮ್ಮ ಕಡೆ ಮರ್ಯಾದೆಯಲ್ಲ. ನಮ್ಮತ್ತೆ ಬಿರುಕು ಬಿಟ್ಟ ಗೋಡೆಗೆ ಹೊಸ ಬೆಡ್‌ಶೀಟು ಇಳಿಬಿಟ್ಟರು. ಕುರ್ಚಿ, ಗಾಜಿನ ಲೋಟ ಎಲ್ಲ ಪಕ್ಕದ ಮನೆಯಿಂದ ಬಂದವು. ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ಉಟ್ಟು ಜಗಲಿಯಲ್ಲೇ ಎಲೆ ಹಾಕಿಸಿ, ಕಡುಬು, ನಾಟಿಕೋಳಿ ಸಾರು ತಾವೇ ಬಡಿಸಿದರು. ಬಂದವರು ಫೋಟೋ ತೆಗೆದುಕೊಂಡರು.

ಮೆಣಸಿನ ಬೆಲೆ ಬಿದ್ದು ತೊಂದರೆಯಾಗಿದೆಯೇ ಎಂದು ದುಭಾಷಿ ಕೇಳಿದ.

"ಎಂತ ತೊಂದ್ರೆ? ದೇವ್ರು ಚೆನ್ನಾಗಿಟ್ಟವ್ನೆ. ನೀವು ಇನ್ನೊಂದು ಕಡುಬು ಹಾಕ್ಕಳಿ," ಎಂದರು ಅತ್ತೆ.

ನಾನು ಮಧ್ಯೆ ಬಾಯಿ ಹಾಕಿ ಸುಂಕದ ಮಾತೆತ್ತಿದೆ. ಊಟದ ಹೊತ್ತಲ್ಲಿ ಇದೇನು ಎಂಬಂತೆ ಅತ್ತೆ ದುರುಗುಟ್ಟಿದರು. ಬಂದವರು ಬರೆದುಕೊಂಡದ್ದು ಅತ್ತೆಯ ಮಾತನ್ನೇ.

ದೆಹಲಿಗೆ ಸಂಘದ ಪರವಾಗಿ ನಾನು ಹೋದೆ. ಮೊದಲ ಭಾಷಣಕಾರ ದೊಡ್ಡ ಪರದೆಯ ಮೇಲೆ ನಮ್ಮ ಜಗಲಿಯನ್ನೇ ತೋರಿಸಿದ. ರೇಷ್ಮೆ ಸೀರೆಯಲ್ಲಿ ನಗುತ್ತಿರುವ ಅತ್ತೆ, ತುಂಬಿದ ಎಲೆ. ಇಂಥ ಕುಟುಂಬಗಳು ಪೈಪೋಟಿಯಲ್ಲೂ ಚೆನ್ನಾಗಿವೆ, ಇವರಿಗೆ ಸುಂಕದ ಆಸರೆ ಬೇಕಿಲ್ಲ ಎಂದ. ಜನ ಚಪ್ಪಾಳೆ ತಟ್ಟಿದರು.

ನನ್ನ ಸರದಿ ಬಂದಾಗ, ನೀವು ನೋಡಿದ್ದು ನಿಜವಲ್ಲ ಎಂದೆ. ಹಾಗಾದರೆ ಆ ತಾಯಿ ಸುಳ್ಳು ಹೇಳಿದರೇ ಎಂದು ಅಧ್ಯಕ್ಷರು ನಯವಾಗಿ ಕೇಳಿದರು. ಅಷ್ಟು ದೇಶಗಳವರ ಎದುರು ಅತ್ತೆಯನ್ನು ಸುಳ್ಳುಗಾರ್ತಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕೂತುಬಿಟ್ಟೆ. ಸಂಜೆಯ ಹೊತ್ತಿಗೆ ಸುಂಕ ಇಳಿಸುವ ಶಿಫಾರಸಿಗೆ ಎಲ್ಲರೂ ಒಪ್ಪಿದ್ದರು. ಊರಿನವರಿಗೆ ಯಾವ ಮುಖ ತೋರಿಸಲಿ ಎಂದು ಯೋಚಿಸುವುದಕ್ಕೂ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.

ಹೊರಗೆ ಬಂದು ಮನೆಗೆ ಫೋನ್ ಮಾಡಿದೆ. ಅತ್ತೆಯೇ ಎತ್ತಿದರು. ಸುಂಕದ ವಿಷಯ ಎತ್ತಲಿಲ್ಲ.

"ನಿಮ್ಮ ಫೋಟೋ ದೊಡ್ಡದಾಗಿ ತೋರಿಸಿದ್ರು ಅತ್ತೆ," ಎಂದಷ್ಟೇ ಹೇಳಿದೆ.

"ಸದ್ಯ ಕಣವ್ವ," ಎಂದು ಅತ್ತೆ ನಿಟ್ಟುಸಿರು ಬಿಟ್ಟರು. "ನಮ್ಮ ಹಣೆಬರ ಎಲ್ಲಿ ಗೊತ್ತಾಗ್ಬುಡ್ತದೋ ಅಂತ ಹೆದ್ರಿದ್ದೆ. ನಂಬ್ಬುಟ್ರು ಅನ್ನು."